ಇದ್ದಿಲಿನಲ್ಲಿ ಮೂಡಿದ ಮುಖಗಳು

ಸೌದೆಯ ಒಲೆ ಮನೆಮನೆಯಲ್ಲೂ ಉರಿಯುತ್ತಿದ್ದ ಕಾಲದಲ್ಲಿ, ಚಿತ್ರ ಬರೆಯುವ ಸಾಧನವನ್ನು ಮಕ್ಕಳಿಗೆ ಯಾರೂ ಕೊಂಡು ಕೊಡಬೇಕಾಗಿರಲಿಲ್ಲ. ಒಲೆಯಿಂದ ತೆಗೆದು ಆರಿಸಿದ ಇದ್ದಿಲಿನ ಒಂದು ತುಂಡು ಸಾಕಾಗಿತ್ತು. ಉತ್ತರ ಕನ್ನಡ ಜಿಲ್ಲೆಯ ಮಂಕಿಯಂತಹ ಕಡಲತೀರದ ಊರುಗಳಲ್ಲಿ ಸುಣ್ಣ ಬಳಿದ ಜಗಲಿಯ ಗೋಡೆಯೇ ಕಾಗದವಾಗುತ್ತಿತ್ತು. ಅದರ ಮೇಲೆ ದೋಣಿ, ಮೀನು, ತೆಂಗಿನ ಮರಗಳು ಮೂಡುತ್ತಿದ್ದವು. ದೊಡ್ಡವರು ಗದರಿಸಿ ಗೋಡೆಯನ್ನು ಒರೆಸಿದರೂ ಮರುದಿನ ಮತ್ತೊಂದು ಚಿತ್ರ ಅಲ್ಲಿ ಕಾಣಿಸಿಕೊಳ್ಳುತ್ತಿತ್ತು. ಮನುಷ್ಯನ ಕೈಗೆ ಮೊದಲು ಸಿಕ್ಕ ಚಿತ್ರಸಾಧನಗಳಲ್ಲಿ ಇದ್ದಿಲು ಒಂದು. ಗುಹೆಗಳಲ್ಲಿ ವಾಸಿಸುತ್ತಿದ್ದ ಆದಿಮಾನವನೂ ಅದರಿಂದ ಕಾಡುಪ್ರಾಣಿಗಳ ಚಿತ್ರಗಳನ್ನು ಬರೆದನು. ಅಷ್ಟು ಸುಲಭವಾದ, ಅಷ್ಟು ಅಗ್ಗವಾದ ಈ ವಸ್ತುವಿನಿಂದ, ಬೇರೊಂದು ಕಡಲಿನ ತೀರದಲ್ಲಿ ಹುಟ್ಟಿದ ಮಹಿಳೆಯೊಬ್ಬರು ಬಡವರ ಮಕ್ಕಳ ಮುಖಗಳನ್ನು ಬರೆದು ಜಗತ್ತಿನ ಅಂತಃಕರಣವನ್ನು ಕಲಕಿದರು. ಅವರೇ ಜರ್ಮನಿಯ ಪ್ರಸಿದ್ಧ ಕಲಾವಿದೆ ಕೇಟೆ ಕೋಲ್ವಿಟ್ಸ್.

ಕೇಟೆ ಹುಟ್ಟಿದ್ದು 1867ನೆಯ ಇಸವಿ ಜುಲೈ 8ರಂದು, ಬಾಲ್ಟಿಕ್ ಸಮುದ್ರಕ್ಕೆ ಸಮೀಪದ ಕ್ಯೋನಿಗ್ಸ್‌ಬರ್ಗ್ ಎಂಬ ನಗರದಲ್ಲಿ. ಅಂದು ಪ್ರಷ್ಯಾಕ್ಕೆ ಸೇರಿದ್ದ ಆ ನಗರ ಇಂದು ಕಲಿನಿನ್‌ಗ್ರಾಡ್ ಎಂಬ ಹೆಸರಿನಿಂದ ರಷ್ಯಾ ದೇಶದಲ್ಲಿದೆ. ತಂದೆ ಕಾರ್ಲ್ ಶ್ಮಿಟ್ ನ್ಯಾಯಶಾಸ್ತ್ರವನ್ನು ಓದಿದವರು. ಆದರೆ ಅವರ ಉದಾರ ರಾಜಕೀಯ ವಿಚಾರಗಳಿಗೂ ಸರ್ಕಾರಿ ಸೇವೆಗೂ ಹೊಂದಿಕೆಯಾಗುವಂತಿರಲಿಲ್ಲ. ಅವರು ವಕೀಲಿಯ ಆಸೆಯನ್ನು ಬಿಟ್ಟು ಗಾರೆಕೆಲಸವನ್ನು ಕಲಿತು, ಮನೆಗಳನ್ನು ಕಟ್ಟಿಸುವ ವೃತ್ತಿಯನ್ನು ಹಿಡಿದರು. ತಾಯಿಯ ತಂದೆ ಯೂಲಿಯುಸ್ ರುಪ್ಪ್ ಧರ್ಮಗುರುಗಳಾಗಿದ್ದರು. ತಮ್ಮ ಸ್ವತಂತ್ರ ವಿಚಾರಗಳ ಕಾರಣದಿಂದ ಅಧಿಕೃತ ಚರ್ಚಿನಿಂದ ಹೊರಬಿದ್ದು, ಸ್ವತಂತ್ರವಾದ ಧಾರ್ಮಿಕ ಸಮಾಜವೊಂದನ್ನು ಅವರು ಸ್ಥಾಪಿಸಿದ್ದರು. ಸರಿಯೆಂದು ಕಂಡದ್ದಕ್ಕಾಗಿ ಸ್ಥಾನಮಾನಗಳನ್ನು ಬಿಟ್ಟುಕೊಡುವುದು ಹೀಗೆ ಆ ಮನೆತನಕ್ಕೆ ಹೊಸದಾಗಿರಲಿಲ್ಲ.

ಆ ಮನೆಯಲ್ಲಿ ಸಾವೂ ಅಪರಿಚಿತವಾಗಿರಲಿಲ್ಲ. ಕೇಟೆಯ ಪುಟ್ಟ ತಮ್ಮ ಬೆಂಜಮಿನ್ ಶೈಶವದಲ್ಲಿಯೇ ಮೆದುಳುಪೊರೆಯ ರೋಗದಿಂದ ತೀರಿಕೊಂಡನು. ದುಃಖವನ್ನು ತೋರಗೊಡದೆ ನುಂಗಿಕೊಂಡ ತಾಯಿಯ ಮುಖವನ್ನು ಬಾಲಕಿ ಕೇಟೆ ಹತ್ತಿರದಿಂದ ಕಂಡಳು. ಮಗುವನ್ನು ಕಳೆದುಕೊಂಡ ತಾಯಿ ಮುಂದೆ ಅವಳ ಚಿತ್ರಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡಳು.

ಕೇಟೆ ತನ್ನ ತಂಗಿ ಲೀಸೆಯೊಡನೆ ಊರಿನ ಬೀದಿಗಳಲ್ಲಿ ಸುತ್ತುತ್ತಿದ್ದಳು. ಪ್ರೇಗೆಲ್ ನದಿಯ ದಕ್ಕೆಯಲ್ಲಿ ಸರಕು ಇಳಿಸುವ ಕೂಲಿಗಳು, ದೂರದೇಶದ ನಾವಿಕರು, ಮೂಟೆ ಹೊತ್ತು ಬಾಗಿದ ಬೆನ್ನುಗಳು ಅವಳ ಕಣ್ಣನ್ನು ಸೆಳೆಯುತ್ತಿದ್ದವು. ಸಿರಿವಂತರ ಉಡುಗೆ ತೊಡುಗೆಗಳಲ್ಲಿ ಕಾಣದ ಚೆಲುವು ಅವಳಿಗೆ ಆ ದುಡಿಯುವ ದೇಹಗಳಲ್ಲಿ ಕಂಡಿತು. ಮಗಳ ಕೈಯಲ್ಲಿ ಚಿತ್ರಕಲೆಯಿದೆಯೆಂಬುದನ್ನು ತಂದೆ ಬೇಗನೆ ಗುರುತಿಸಿದರು. ಲೋಹದ ತಗಡಿನ ಮೇಲೆ ಚಿತ್ರ ಕೊರೆಯುವ ರುಡಾಲ್ಫ್ ಮೌವರ್ ಎಂಬವರಲ್ಲಿ ಅವಳಿಗೆ ಮೊದಲ ಪಾಠಗಳನ್ನು ಹೇಳಿಸಿದರು. ಆ ಕಾಲದಲ್ಲಿ ಪ್ರಮುಖ ಕಲಾಶಾಲೆಗಳ ಬಾಗಿಲು ಹೆಣ್ಣುಮಕ್ಕಳಿಗೆ ಮುಚ್ಚಿತ್ತು. ಆದ್ದರಿಂದ ಕೇಟೆ ಸ್ತ್ರೀಯರಿಗಾಗಿಯೇ ಇದ್ದ ಕಲಾಶಾಲೆಗಳಲ್ಲಿ, ಮೊದಲು ಬರ್ಲಿನ್ನಿನಲ್ಲಿಯೂ ಅನಂತರ ಮ್ಯೂನಿಕ್ ನಗರದಲ್ಲಿಯೂ ಕಲಿತಳು. ಅವಳಿಗೆ ವರ್ಣಚಿತ್ರಗಳನ್ನು ಬರೆಯಬೇಕೆಂಬ ಹಂಬಲವಿತ್ತು. ಬರ್ಲಿನ್ನಿನ ಗುರು ಕಾರ್ಲ್ ಸ್ಟೌಫರ್ ಅವಳ ಶಕ್ತಿ ಬಣ್ಣದಲ್ಲಿಲ್ಲ, ರೇಖೆಯಲ್ಲಿದೆಯೆಂಬುದನ್ನು ಕಂಡುಕೊಂಡು ಆ ಕಡೆಗೆ ತಿರುಗಿಸಿದರು. ಕ್ರಮೇಣ ಕೇಟೆ ಬಣ್ಣಗಳನ್ನು ಬದಿಗಿಟ್ಟು ಕಪ್ಪು ಬಿಳುಪುಗಳ ದಾರಿಯನ್ನು ಹಿಡಿದಳು.

1891ರಲ್ಲಿ ಕೇಟೆಯ ವಿವಾಹ ಕಾರ್ಲ್ ಕೋಲ್ವಿಟ್ಸ್ ಎಂಬ ತರುಣ ವೈದ್ಯರೊಡನೆ ಜರುಗಿತು. ಸಂಸಾರದ ಹೊರೆಯಲ್ಲಿ ಮಗಳ ಕಲೆ ಅಳಿದುಹೋದೀತೆಂದು ತಂದೆಗೆ ಚಿಂತೆಯಿತ್ತು. ಆದರೆ ನಡೆದದ್ದೇ ಬೇರೆ. ಕಾರ್ಲ್ ಬರ್ಲಿನ್ನಿನಲ್ಲಿ ದರ್ಜಿಗಳ ಆರೋಗ್ಯನಿಧಿಯ ವೈದ್ಯರಾಗಿ ನೇಮಕಗೊಂಡು, ಕಾರ್ಮಿಕರು ತುಂಬಿದ್ದ ಬಡಾವಣೆಯೊಂದರಲ್ಲಿ ಮನೆ ಮಾಡಿದರು. ಅದೇ ಮನೆಯಲ್ಲಿ ದಂಪತಿಗಳು ಸುಮಾರು ಐವತ್ತು ವರ್ಷ ಬಾಳಿದರು. ಪತಿಯ ಚಿಕಿತ್ಸಾಲಯಕ್ಕೆ ಬರುತ್ತಿದ್ದ ಬಡ ಹೆಂಗಸರು ತಮ್ಮ ಕಷ್ಟಗಳನ್ನು ಕೇಟೆಯವರಲ್ಲಿಯೂ ತೋಡಿಕೊಳ್ಳುತ್ತಿದ್ದರು. ಗಂಡನಿಗೆ ಕೆಲಸವಿಲ್ಲದ ಮನೆ, ಹಾಲಿಲ್ಲದ ಕೂಸು, ಬಾಡಿಗೆ ಕಟ್ಟಲಾಗದ ಭಯ, ಇವೆಲ್ಲ ಕೇಟೆಯವರಿಗೆ ಬಾಗಿಲಲ್ಲಿ ನಿಂತ ಮನುಷ್ಯರ ಮುಖಗಳ ರೂಪದಲ್ಲಿಯೇ ತಿಳಿದವು.

1893ರಲ್ಲಿ ಅವರು ಹೌಪ್ಟ್‌ಮನ್ ಎಂಬ ನಾಟಕಕಾರರ, ನೇಕಾರರ ಬಂಡಾಯವನ್ನು ಕುರಿತ ನಾಟಕವನ್ನು ಕಂಡರು. ಕೈಮಗ್ಗದ ನೇಕಾರರ ಹಸಿವಿನ ಆ ಕಥೆ ಅವರನ್ನು ಬಹಳ ಕಾಲ ಬಿಡಲಿಲ್ಲ. ಅದರಿಂದ ಪ್ರೇರಿತರಾಗಿ ರಚಿಸಿದ ಆರು ಚಿತ್ರಗಳ ಮಾಲೆ 1898ರಲ್ಲಿ ಬರ್ಲಿನ್ನಿನ ಮಹಾಪ್ರದರ್ಶನದಲ್ಲಿ ಕಾಣಿಸಿಕೊಂಡಿತು. ತೀರ್ಪುಗಾರರು ಅದಕ್ಕೆ ಪದಕವನ್ನು ಸೂಚಿಸಿದರು. ಚಕ್ರವರ್ತಿ ಎರಡನೆಯ ವಿಲ್‌ಹೆಲ್ಮ್ ಅದನ್ನು ನಿರಾಕರಿಸಿದನು. ಪದಕ ಕೈತಪ್ಪಿದರೂ ಚಿತ್ರಕಾರ್ತಿಯ ಹೆಸರು ನಾಡಿನಲ್ಲೆಲ್ಲ ಹರಡಿತು.

ಕೇಟೆಯವರು ಲೋಹದ ತಗಡು, ಕಲ್ಲಚ್ಚು, ಮರದಚ್ಚು ಈ ಎಲ್ಲ ಮಾಧ್ಯಮಗಳಲ್ಲಿಯೂ ಕೆಲಸ ಮಾಡಿದರು. ಆದರೆ ಕಣ್ಣೆದುರಿಗೆ ಕಂಡ ಮುಖವನ್ನು ಆ ಕ್ಷಣದಲ್ಲಿಯೇ ಹಿಡಿಯಬೇಕಾದಾಗ ಅವರಿಗೆ ಒದಗಿದ್ದು ಇದ್ದಿಲು. ಚಿತ್ರಕಾರರ ಇದ್ದಿಲನ್ನು ತೆಳುವಾದ ಮರದ ಕಡ್ಡಿಗಳಿಂದ ಮಾಡುತ್ತಾರೆ. ಗಾಳಿಯಾಡದಂತೆ ಮುಚ್ಚಿ ಸುಟ್ಟಾಗ ಕಡ್ಡಿ ಬೂದಿಯಾಗದೆ ಇದ್ದಿಲಾಗಿ ಉಳಿಯುತ್ತದೆ. ಅದರ ತುದಿಯಿಂದ ಎಳೆದರೆ ಕೂದಲಿನಂತಹ ಗೆರೆ ಮೂಡುತ್ತದೆ; ಅಡ್ಡಲಾಗಿ ಉಜ್ಜಿದರೆ ಮುಸ್ಸಂಜೆಯಂತಹ ನೆರಳು ಹರಡುತ್ತದೆ. ತಪ್ಪಿದ ಗೆರೆಯನ್ನು ಬಟ್ಟೆಯಿಂದಲೋ ಬೆರಳಿನಿಂದಲೋ ಒರೆಸಿಬಿಡಬಹುದು. ಚಿತ್ರ ಮುಗಿದ ಮೇಲೆ ಪುಡಿ ಉದುರದಂತೆ ಅಂಟಿನ ದ್ರವವನ್ನು ಸಿಂಪಡಿಸದಿದ್ದರೆ ಉತ್ತಮವಾದ ಚಿತ್ರವೂ ಒಂದು ತೋಳಿನ ತಾಗಿಗೆ ಅಳಿಸಿಹೋಗುತ್ತದೆ.

ಇಂತಹ ಚಿತ್ರಕ್ಕೆ ಅಚ್ಚ ಬಿಳಿಯ ಕಾಗದಕ್ಕಿಂತ ಕಂದು ಅಥವಾ ಬೂದು ಛಾಯೆಯ ಕಾಗದ ಅನೇಕ ವೇಳೆ ಹೆಚ್ಚು ಅನುಕೂಲ. ಬಿಳಿಯ ಕಾಗದದ ಮೇಲೆ ಚಿತ್ರಕಾರನು ಕತ್ತಲೆಯನ್ನೂ ಮಬ್ಬನ್ನೂ ತಾನೇ ತುಂಬಬೇಕಾಗುತ್ತದೆ. ಛಾಯೆಯ ಕಾಗದದಲ್ಲಾದರೋ ಬೆಳಕಿಗೂ ಕತ್ತಲೆಗೂ ನಡುವಣ ಬಣ್ಣ ಮೊದಲೇ ಇರುತ್ತದೆ. ಕೆನ್ನೆಯ ಹೆಚ್ಚಿನ ಭಾಗವನ್ನು ಕಾಗದಕ್ಕೇ ಬಿಟ್ಟು, ಕಣ್ಣಿನ ಕುಳಿಗೆ, ಗಲ್ಲದ ಕೆಳಗೆ ಇದ್ದಿಲಿನ ನೆರಳನ್ನಿಟ್ಟು, ಬೇಕಾದರೆ ಹಣೆಯ ಮೇಲೆ ಸೀಮೆಸುಣ್ಣದಿಂದ ಒಂದಿಷ್ಟು ಬೆಳಕನ್ನಿಟ್ಟರೆ ಮುಖ ತಾನಾಗಿ ಮುಂದೆ ಬರುತ್ತದೆ.

ಮುಖಚಿತ್ರಗಳಲ್ಲಿ ಮಗುವಿನ ಚಿತ್ರವೇ ಕಠಿಣ. ದೊಡ್ಡವರಂತೆ ಮಗು ಹೇಳಿದಲ್ಲಿ ಕುಳಿತಿರುವುದಿಲ್ಲ. ಅದು ತಿರುಗುವುದರೊಳಗೆ ತಲೆಯ ಬಾಗು, ಭುಜದ ಇಳಿಜಾರು, ನೆರಳಿನ ಆಕಾರ ಇವು ಕಾಗದಕ್ಕೆ ಇಳಿದಿರಬೇಕು. ಮಗುವಿನ ಹಣೆ ಅಗಲ. ಅದರ ಕಣ್ಣುಗಳು ತಲೆಯ ಎತ್ತರದ ನಡುಮಟ್ಟಕ್ಕಿಂತ ಕೆಳಗಿರುತ್ತವೆ. ಇದನ್ನು ಮರೆತವರು ಬರೆದ ಮಗು ಕುಳ್ಳಗಿನ ಮುದುಕನಂತೆ ಕಾಣುತ್ತದೆ. ಎಳೆಯ ಮುಖದಲ್ಲಿ ಎಲುಬುಗಳು ಮೈದೋರಿರುವುದಿಲ್ಲ. ಆದ್ದರಿಂದ ಗಡುಸಾದ ಗೆರೆಗೆ ಅಲ್ಲಿ ಎಡೆಯಿಲ್ಲ. ಒಂದೆರಡು ಗೆರೆ ಹೆಚ್ಚಾದರೂ ಮಗುವಿಗೆ ವಯಸ್ಸಾಗಿಬಿಡುತ್ತದೆ.

ಕೇಟೆಯವರ ಎದುರಿಗೆ ಬಂದ ಮಕ್ಕಳಾದರೋ ಈ ನಿಯಮವನ್ನೇ ತಲೆಕೆಳಗು ಮಾಡಿದ್ದರು. ಹಸಿವು ಅವರ ಕೆನ್ನೆಯನ್ನು ಕರಗಿಸಿ ಎಲುಬನ್ನು ಮೇಲಕ್ಕೆ ತಂದಿತ್ತು. ನಿದ್ದೆಗೆಟ್ಟ ಕಣ್ಣುಗಳ ಸುತ್ತ ನೆರಳು ನಿಂತಿತ್ತು. ಮಗುವಿನ ಮುಖದಲ್ಲಿ ಇರಬಾರದ ಗಡುಸು ಗೆರೆಗಳನ್ನು ಬದುಕೇ ಅಲ್ಲಿ ಎಳೆದಿತ್ತು. ಕೇಟೆಯವರು ಆ ಗೆರೆಗಳನ್ನು ಅಳಿಸಿ ಮುಖವನ್ನು ಮುದ್ದಾಗಿಸಲಿಲ್ಲ; ಕನಿಕರ ಹುಟ್ಟಿಸುವುದಕ್ಕಾಗಿ ಹೆಚ್ಚಿಸಲೂ ಇಲ್ಲ. ಕಂಡದ್ದನ್ನು ಕಂಡಂತೆ ಬರೆದರು. 1908ರಿಂದ 1911ರವರೆಗೆ ಜರ್ಮನಿಯ ಪ್ರಸಿದ್ಧ ವಾರಪತ್ರಿಕೆಯೊಂದಕ್ಕೆ ಅವರು ಬರೆದುಕೊಟ್ಟ ಚಿತ್ರಗಳಲ್ಲಿ ಇದ್ದಿಲಿನ ಬಲ ಎದ್ದು ಕಾಣುತ್ತದೆ. ಗುತ್ತಿಗೆಯ ಹೊಲಿಗೆ ಮಾಡುತ್ತ ದಣಿದು ದೀಪದ ಬಳಿ ಮೇಜಿನ ಮೇಲೆಯೇ ತಲೆಯಿಟ್ಟ ತಾಯಿ, ವೈದ್ಯರ ಬಾಗಿಲನ್ನು ಅಂಜುತ್ತ ತಟ್ಟುವ ಬಸುರಿ, ಇವರೆಲ್ಲ ಆ ಪತ್ರಿಕೆಯ ಪುಟಗಳಿಂದ ಸಾವಿರಾರು ಮನೆಗಳನ್ನು ಹೊಕ್ಕರು.

ಕೇಟೆಯವರಿಗೆ ಇಬ್ಬರು ಗಂಡುಮಕ್ಕಳು. ಹಿರಿಯ ಮಗ ಹಾನ್ಸ್ 1892ರಲ್ಲಿಯೂ ಕಿರಿಯ ಮಗ ಪೀಟರ್ 1896ರಲ್ಲಿಯೂ ಹುಟ್ಟಿದರು. ಸ್ವಂತ ಮಕ್ಕಳೇ ಅನೇಕ ಸಲ ತಾಯಿಯ ಚಿತ್ರಗಳಿಗೆ ಮಾದರಿಗಳಾದರು. 1903ರಲ್ಲಿ ಸತ್ತ ಮಗುವನ್ನು ಎದೆಗೊತ್ತಿಕೊಂಡ ತಾಯಿಯ ಚಿತ್ರವೊಂದನ್ನು ಅವರು ರಚಿಸಿದರು. ಅದಕ್ಕಾಗಿ ಏಳು ವರ್ಷದ ಪೀಟರನನ್ನು ತೋಳಿನಲ್ಲಿ ಎತ್ತಿಕೊಂಡು ಕನ್ನಡಿಯ ಮುಂದೆ ಕುಳಿತು, ಕನ್ನಡಿಯಲ್ಲಿ ಕಂಡದ್ದನ್ನು ಬರೆದರು. ಆರೋಗ್ಯವಂತನಾದ ಮಗ ತಾಯಿಯ ತೋಳಿನಲ್ಲಿ ಉಸಿರಾಡುತ್ತಿದ್ದನು. ಕಾಗದದಲ್ಲಿ ಅವನು ನಿರ್ಜೀವನಾಗಿ ಮೂಡಿದನು. ಹನ್ನೊಂದು ವರ್ಷಗಳ ಅನಂತರ ಆ ಚಿತ್ರ ನಿಜವಾಗಲಿದೆಯೆಂದು ಯಾರಿಗೂ ತಿಳಿದಿರಲಿಲ್ಲ.

1914ರ ಆಗಸ್ಟ್ ತಿಂಗಳಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ದೇಶಪ್ರೇಮದ ಆವೇಶ ಜರ್ಮನಿಯ ತರುಣರನ್ನೆಲ್ಲ ಆವರಿಸಿತು. ಹದಿನೆಂಟು ವರ್ಷದ ಪೀಟರ್ ಸೈನ್ಯಕ್ಕೆ ಸ್ವಯಂಸೇವಕನಾಗಿ ಸೇರಲು ನಿಶ್ಚಯಿಸಿದನು. ವಯಸ್ಸು ಸಾಲದ್ದರಿಂದ ತಂದೆಯ ಒಪ್ಪಿಗೆ ಬೇಕಾಗಿತ್ತು. ತಂದೆ ಒಪ್ಪಲಿಲ್ಲ. ಮಗ ತಾಯಿಯ ಮುಖವನ್ನು ನೋಡಿದನು. ಕೇಟೆಯವರು ಮಗನ ಪರವಾಗಿ ನಿಂತು ಪತಿಯನ್ನು ಒಪ್ಪಿಸಿದರು. ಅಕ್ಟೋಬರ್ ತಿಂಗಳಲ್ಲಿ ಪೀಟರ್ ಯುದ್ಧಭೂಮಿಗೆ ತೆರಳಿದನು. ಆ ತಿಂಗಳು ಮುಗಿಯುವ ಮೊದಲೇ ಬೆಲ್ಜಿಯಂ ದೇಶದ ಫ್ಲಾಂಡರ್ಸ್ ಪ್ರಾಂತದಲ್ಲಿ ಮಡಿದನು. ಪರರ ಮಕ್ಕಳ ನೋವನ್ನು ಅಷ್ಟು ಆಳವಾಗಿ ಅರಿತಿದ್ದ ತಾಯಿ ತನ್ನ ಮಗನನ್ನು ಮನೆಯಲ್ಲಿ ಉಳಿಸಿಕೊಳ್ಳುವ ಮಾತನ್ನು ಆಡದೆಹೋದಳು. ಈ ಅರಿವು ಅವರ ಉಳಿದ ಬದುಕಿನಲ್ಲಿ ಮುಳ್ಳಿನಂತೆ ನಾಟಿಕೊಂಡಿತು. ಅವರು ಅದನ್ನು ಮರೆಮಾಚಲಿಲ್ಲ. ಇತರರ ಮೇಲೆ ಹೊರಿಸಲೂ ಇಲ್ಲ.

ಮಗನಿಗೊಂದು ಸ್ಮಾರಕವನ್ನು ನಿರ್ಮಿಸಬೇಕೆಂದು ಅವರು ಆ ವರ್ಷವೇ ಸಂಕಲ್ಪಿಸಿದರು. ಮಲಗಿದ ಮಗ, ಅವನ ತಲೆಯ ಬಳಿಯೂ ಕಾಲ ಬಳಿಯೂ ತಂದೆತಾಯಿಗಳು; ಇದು ಮೊದಲಿನ ಕಲ್ಪನೆ. ವರ್ಷಗಟ್ಟಲೆ ದುಡಿದರೂ ಅದು ಮನಸ್ಸಿಗೆ ಬಾರದೆ 1919ರಲ್ಲಿ ಕೆಲಸವನ್ನು ನಿಲ್ಲಿಸಿದರು. ಮುಂದೆ ಕೆಲವು ವರ್ಷಗಳ ಬಳಿಕ ಮತ್ತೆ ಕೈಗೆತ್ತಿಕೊಂಡರು. ಕೊನೆಗೆ 1932ರಲ್ಲಿ, ಮಗ ಸತ್ತ ಹದಿನೆಂಟನೆಯ ವರ್ಷದಲ್ಲಿ, ಬೆಲ್ಜಿಯಂನ ಸೈನಿಕರ ಸ್ಮಶಾನದಲ್ಲಿ ಸ್ಮಾರಕ ನಿಂತಿತು. ಪೀಟರ್ ಬದುಕಿದ್ದ ವರ್ಷಗಳಷ್ಟೇ ಅವನ ಸ್ಮಾರಕಕ್ಕೂ ಹಿಡಿದವು. ಅಲ್ಲಿ ಮೊಣಕಾಲೂರಿದ ಒಬ್ಬ ತಂದೆ ಮತ್ತು ಒಬ್ಬ ತಾಯಿ ಇದ್ದಾರೆ. ಆ ಮುಖಗಳಲ್ಲಿ ಕಾರ್ಲ್ ಮತ್ತು ಕೇಟೆಯವರ ಹೋಲಿಕೆಯಿದೆ. ಮಗನ ಪ್ರತಿಮೆಯಿಲ್ಲ. ಅಷ್ಟೊಂದು ಮಕ್ಕಳ ರೂಪವನ್ನು ಬರೆದ ಕೈ ತನ್ನ ಮಗನ ರೂಪವನ್ನು ಕೊನೆಗೆ ಅಲ್ಲಿ ಕೆತ್ತಲಿಲ್ಲ. ಮುಂದಿನ ಬಯಲಿನಲ್ಲಿ ಹರಡಿದ ಸಾವಿರಾರು ತರುಣರ ಸಮಾಧಿಗಳೇ ಆ ತಂದೆತಾಯಿಗಳ ದೃಷ್ಟಿಗೆ ಎದುರಾಗಿವೆ. ಒಬ್ಬ ಮಗನಿಗಾಗಿ ಆರಂಭವಾದ ದುಃಖ ಎಲ್ಲ ಮಕ್ಕಳಿಗಾಗಿ ಹರಡಿಕೊಂಡಿತು. ಇಂದು ಈ ಪ್ರತಿಮೆಗಳು ಬೆಲ್ಜಿಯಂನ ವ್ಲಾಡ್‌ಸ್ಲೋ ಎಂಬಲ್ಲಿವೆ.

ಯುದ್ಧ ಮುಗಿದ ಮೇಲೆ ಸೋತ ಜರ್ಮನಿಯಲ್ಲಿಯೂ ಆಸ್ಟ್ರಿಯಾದಲ್ಲಿಯೂ ಹಸಿವು ತಾಂಡವವಾಡಿತು. ಅನ್ನದ ಬೆಲೆ ಆಕಾಶಕ್ಕೇರಿತು. ಮಕ್ಕಳು ಕ್ಷಯರೋಗಕ್ಕೆ ತುತ್ತಾದರು. 1919ರಲ್ಲಿ ಪ್ರಷ್ಯಾದ ಕಲಾ ಅಕಾಡೆಮಿ ಕೇಟೆಯವರನ್ನು ಸದಸ್ಯೆಯನ್ನಾಗಿ ಆರಿಸಿಕೊಂಡು ಪ್ರಾಧ್ಯಾಪಕ ಪದವಿಯನ್ನು ನೀಡಿತ್ತು. ಆ ಕಾಲದಲ್ಲಿ ಮಹಿಳೆಯೊಬ್ಬರಿಗೆ ಅದು ಅಪೂರ್ವವಾದ ಗೌರವ. ಆದರೆ ಅವರು ಅಕಾಡೆಮಿಯ ಗೌರವದಲ್ಲಿ ವಿರಮಿಸದೆ ಬೀದಿಯ ಗೋಡೆಗಳಿಗೆ ಭಿತ್ತಿಪತ್ರಗಳನ್ನು ಬರೆದರು. ಜರ್ಮನಿಯ ಮಕ್ಕಳ ಹಸಿವನ್ನು ಕುರಿತ ಅವರ ಕಲ್ಲಚ್ಚಿನ ಚಿತ್ರ 1920ರ ದಶಕದ್ದು. ಅದರಲ್ಲಿ ಪುಟ್ಟ ಮಕ್ಕಳು ಬರಿದಾದ ಬಟ್ಟಲುಗಳನ್ನು ಮೇಲಕ್ಕೆತ್ತಿ ಹಿಡಿದಿದ್ದಾರೆ. ಯಾರಿಗಾಗಿ ಹಿಡಿದಿದ್ದಾರೆಂಬುದನ್ನು ಚಿತ್ರ ತೋರಿಸುವುದಿಲ್ಲ. ಬಟ್ಟಲುಗಳ ಎದುರಿಗೆ ನಿಂತಿರುವವನು ಚಿತ್ರವನ್ನು ನೋಡುವವನೇ.

1933ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದನು. ಅವನ ಪಕ್ಷವನ್ನು ವಿರೋಧಿಸಿ ಒಂದಾಗಬೇಕೆಂದು ಕೋರಿದ ಮನವಿಗೆ ಕೇಟೆಯವರು ಸಹಿ ಹಾಕಿದ್ದರು. ಅದಕ್ಕಾಗಿ ಅಕಾಡೆಮಿಯ ಸ್ಥಾನವನ್ನು ಬಿಡಬೇಕಾಯಿತು. ಕ್ರಮೇಣ ಅವರ ಚಿತ್ರಗಳು ಪ್ರದರ್ಶನಗಳಿಂದ ಮರೆಯಾದವು. 1936ರಲ್ಲಿ ಗುಪ್ತ ಪೊಲೀಸರು ಮನೆಗೆ ಬಂದು ಬೆದರಿಸಿದರು. ಅಧಿಕಾರ ಹೋದ ಆ 1933ನೆಯ ವರ್ಷದಲ್ಲಿಯೇ ಅವರು ಚಿತ್ರ ಬರೆಯುತ್ತಿರುವ ತಮ್ಮನ್ನು ತಾವೇ ಇದ್ದಿಲಿನಲ್ಲಿ ಬರೆದುಕೊಂಡರು. ಕಾಗದ ಕಂದು ಛಾಯೆಯದು. ಮುಖವೂ ಇದ್ದಿಲನ್ನು ಹಿಡಿದ ಕೈಯೂ ಸ್ಪಷ್ಟವಾಗಿವೆ. ಅವೆರಡನ್ನೂ ಕೂಡಿಸುವ ತೋಳು ಮಾತ್ರ ಅಂಕುಡೊಂಕಾಗಿ ಒತ್ತಿ ಎಳೆದ ರಭಸದ ಗೆರೆಗಳಿಂದ ಆಗಿದೆ. ಅರುವತ್ತಾರು ವರ್ಷದ ಆ ಮುಖದಲ್ಲಿ ದೂರಿನ ಛಾಯೆಯಿಲ್ಲ. ಕೆಲಸದಲ್ಲಿ ನೆಟ್ಟ ದೃಷ್ಟಿಯಿದೆ. ಆ ಚಿತ್ರ ಈಗ ಅಮೆರಿಕದ ವಾಷಿಂಗ್ಟನ್ ನಗರದ ರಾಷ್ಟ್ರೀಯ ಕಲಾಭವನದಲ್ಲಿದೆ.

1940ರಲ್ಲಿ ಪತಿ ಕಾರ್ಲ್ ನಿಧನರಾದರು. ಎರಡನೆಯ ಮಹಾಯುದ್ಧ ಆಗಲೇ ಯೂರೋಪನ್ನು ಸುಡುತ್ತಿತ್ತು. ಮತ್ತೆ ತರುಣರು, ಮತ್ತೆ ಕರೆಗಳು. 1941ರ ಕೊನೆಯಲ್ಲಿ, ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಅವರು ತಮ್ಮ ಕೊನೆಯ ಕಲ್ಲಚ್ಚಿನ ಚಿತ್ರಕ್ಕೆ ಕೈಹಾಕಿದರು. ಬಿತ್ತನೆಯ ಬೀಜವನ್ನು ಬೀಸಬಾರದೆಂಬುದು ಅದರ ಹೆಸರು. ಜರ್ಮನಿಯ ಮಹಾಕವಿ ಗಯಟೆಯಿಂದ ಪಡೆದ ಈ ಮಾತನ್ನು ಅವರು 1918ರಲ್ಲಿಯೇ ಪತ್ರಿಕೆಯೊಂದಕ್ಕೆ ಬರೆದ ಬಹಿರಂಗ ಪತ್ರದಲ್ಲಿ ಬಳಸಿದ್ದರು. ಉಳಿದ ಹುಡುಗರನ್ನೂ ಯುದ್ಧಕ್ಕೆ ಕಳುಹಿಸಬೇಕೆಂದು ಕವಿಯೊಬ್ಬರು ಕರೆಕೊಟ್ಟಾಗ ಅದನ್ನು ವಿರೋಧಿಸಿ ಬರೆದ ಪತ್ರವದು. ಚಿತ್ರದಲ್ಲಿ ವಯಸ್ಸಾದ ತಾಯಿಯೊಬ್ಬಳು ಕೋಳಿ ಮರಿಗಳ ಮೇಲೆ ರೆಕ್ಕೆ ಹರಡಿದಂತೆ ತನ್ನ ಬಲವಾದ ತೋಳುಗಳನ್ನು ಮೂವರು ಹುಡುಗರ ಮೇಲೆ ಹರಡಿದ್ದಾಳೆ. ಹುಡುಗರು ಹುಡುಗರೇ, ಅವರು ತೋಳಿನ ಅಡಿಯಿಂದ ಹೊರಗೆ ಇಣುಕುತ್ತಾರೆ, ಹೊರಗಿನ ಗದ್ದಲ ಅವರನ್ನು ಸೆಳೆಯುತ್ತದೆ. ತಾಯಿ ಮಾತ್ರ ತೋಳನ್ನು ಸಡಿಲಿಸುವುದಿಲ್ಲ. 1914ರಲ್ಲಿ ಒಪ್ಪಿಗೆ ಕೊಟ್ಟ ತಾಯಿ ಇಪ್ಪತ್ತೇಳು ವರ್ಷಗಳ ಅನಂತರ ಕೊಟ್ಟ ಉತ್ತರವಿದು.

ಆ ಉತ್ತರವನ್ನು ಕೇಳಬೇಕಾದವರು ಕೇಳಲಿಲ್ಲ. 1942ರ ಸೆಪ್ಟೆಂಬರಿನಲ್ಲಿ ಹಾನ್ಸನ ಮಗ, ಸತ್ತ ಚಿಕ್ಕಪ್ಪನ ಹೆಸರನ್ನೇ ಹೊತ್ತ ಮೊಮ್ಮಗ ಪೀಟರ್, ರಷ್ಯಾದ ರಣರಂಗದಲ್ಲಿ ಮಡಿದನು. 1943ರಲ್ಲಿ ಬಾಂಬುದಾಳಿಯ ಭೀತಿಯಿಂದ ಕೇಟೆಯವರು ಬರ್ಲಿನ್ನನ್ನು ಬಿಟ್ಟರು. ಅದೇ ವರ್ಷದ ನವೆಂಬರಿನಲ್ಲಿ ಅವರು ಅರ್ಧ ಶತಮಾನ ಬಾಳಿದ ಮನೆ ಬಾಂಬಿಗೆ ಉರಿದುಹೋಯಿತು. ಅದರೊಡನೆ ಅನೇಕ ಚಿತ್ರಗಳೂ ನಾಶವಾದವು. ಡ್ರೆಸ್‌ಡನ್ ಸಮೀಪದ ಮೊರಿಟ್ಸ್‌ಬುರ್ಗ್ ಎಂಬ ಊರಿನಲ್ಲಿ 1945ರ ಏಪ್ರಿಲ್ 22ರಂದು ಅವರು ಕಣ್ಣು ಮುಚ್ಚಿದರು. ಯೂರೋಪಿನಲ್ಲಿ ಯುದ್ಧ ನಿಲ್ಲುವುದಕ್ಕೆ ಆಗ ಉಳಿದಿದ್ದದ್ದು ಹದಿನಾರೇ ದಿನಗಳು.

ಕೇಟೆಯವರ ಕಪ್ಪು ಗೆರೆಗಳು ದೇಶಗಳ ಗಡಿಗಳನ್ನು ದಾಟಿದವು. ಚೀನಾದ ಮಹಾಲೇಖಕ ಲೂ ಷುನ್ 1936ರಲ್ಲಿ ಅವರ ಚಿತ್ರಗಳ ಸಂಗ್ರಹವೊಂದನ್ನು ತಮ್ಮ ನಾಡಿನಲ್ಲಿ ಪ್ರಕಟಿಸಿದರು. ಬರ್ಲಿನ್ ಮತ್ತು ಕೊಲೋನ್ ನಗರಗಳಲ್ಲಿ ಅವರ ಕೃತಿಗಳಿಗಾಗಿಯೇ ವಸ್ತುಸಂಗ್ರಹಾಲಯಗಳಿವೆ. ಅವರು ಬಾಳಿದ ಬೀದಿಗೆ ಇಂದು ಅವರದೇ ಹೆಸರಿದೆ. ಕಪ್ಪು ಗೆರೆಯ ಈ ಶಕ್ತಿ ಭಾರತಕ್ಕೂ ಹೊಸದಲ್ಲ. 1943ರಲ್ಲಿ ಬಂಗಾಳವನ್ನು ಕ್ಷಾಮ ನುಂಗುತ್ತಿದ್ದಾಗ ಜೈನುಲ್ ಅಬೆದಿನ್ ಎಂಬ ತರುಣ ಚಿತ್ರಕಾರರು ಕಲ್ಕತ್ತೆಯ ಬೀದಿಗಳಲ್ಲಿ ಹಸಿದು ಬಿದ್ದ ತಾಯಿಮಕ್ಕಳನ್ನು ಬರೆದರು. ಅವರು ಬಳಸಿದ್ದು ಇದ್ದಿಲಿನಿಂದ ತಾವೇ ಮಾಡಿಕೊಂಡ ಮಸಿ ಮತ್ತು ಸರಕು ಕಟ್ಟುವ ಅಗ್ಗದ ಕಾಗದ.

ಕರಾವಳಿಯ ರೈತರು ಬಿತ್ತನೆಯ ಬತ್ತವನ್ನು ಹುಲ್ಲಿನ ಮುಡಿ ಕಟ್ಟಿ ಬೇರೆಯಾಗಿ ಇರಿಸುತ್ತಿದ್ದರು. ಆಷಾಢದ ಮಳೆಯಲ್ಲಿ ಮನೆಯ ಅಕ್ಕಿ ತೀರಿದರೂ ಆ ಮುಡಿಗೆ ಕೈಹಾಕುವುದು ಕೊನೆಯ ಮಾತಾಗಿತ್ತು. ಅದು ಮುಂದಿನ ವರ್ಷದ ಗದ್ದೆ. ಮಕ್ಕಳೂ ನಾಡಿನ ಮುಡಿಯಲ್ಲಿರುವ ಬಿತ್ತನೆಯ ಕಾಳು. ಕೇಟೆ ಕೋಲ್ವಿಟ್ಸ್ ಅವರು ಅತ್ಯಂತ ಕಠಿಣವಾದ ಬೆಲೆಯನ್ನು ತೆತ್ತು ಈ ಸತ್ಯವನ್ನು ಕಲಿತರು. ಕಲಿತದ್ದನ್ನು ಜಗತ್ತು ಮರೆಯದಂತೆ ಬರೆದಿಟ್ಟರು. ಒರೆಸಿದರೆ ಅಳಿಸಿಹೋಗುವ ಇದ್ದಿಲಿನಿಂದ ಅವರು ಬರೆದ ಮಕ್ಕಳ ಮುಖಗಳು ಎರಡು ಮಹಾಯುದ್ಧಗಳನ್ನೂ ಬೆಂಕಿಯನ್ನೂ ದಾಟಿ ಉಳಿದಿವೆ. ನೋಡುವವರ ಕಣ್ಣಿನಲ್ಲಿ ಕಣ್ಣಿಟ್ಟು ಇಂದಿಗೂ ನೋಡುತ್ತಿವೆ.